ಗೇಟಿನ ಮೇಲಿನ ನೋಟಿಸು

ರಾಸ್‌ಕಾಮನ್ ಊರಿನ ದನದ ಸಂತೆಯ ಕ್ಯಾಂಟೀನಿನಲ್ಲಿ ಟೀಗೆ ಸಾಲು ನಿಂತಿದ್ದೆ. ನನ್ನ ಮುಂದೆ ಡಿಂಪ್ನಾ, ಅವಳ ತಮ್ಮ ಫಿಂಟನ್. ಕರು ಹಾಕುವ ಹಸುಗಳಿಗೆಂದು ಹೊಸ ಕೊಟ್ಟಿಗೆ ಕಟ್ಟಲು ಪರವಾನಗಿ ಕೇಳಿದ್ದವರು. ಡಿಂಪ್ನಾ ಆಗಷ್ಟೇ ಫೋನು ಇಟ್ಟಳು.

"ಲೋ, ಪರವಾನಗಿ ಆಫೀಸರ್ರು ಜಾಗ ನೋಡೋಕೆ ಇವತ್ತೇ ಬಂದಿದಾರಂತೆ ಕಣೋ!"

"ಬರ್ಲಿ ಬಿಡಕ್ಕ, ಒಳ್ಳೇದೇ ಆಯ್ತಲ್ಲ!"

"ಕೊಟ್ಟಿಗೆ ಕಟ್ತೀವಿ ಅಂತ ಗೇಟಿಗೆ ಕಟ್ಟಿದ ನೋಟಿಸು ಇದೆ ತಾನೆ? ಅದು ಕಾಣದಿದ್ರೆ ಅರ್ಜಿ ಮತ್ತೆ ಮೊದಲಿಂದ. ಈ ಚಳೀಲೂ ಕರುಗಳು ಬಯಲಲ್ಲೇ ಹುಟ್ಟಬೇಕು."

ಫಿಂಟನ್ ಟೋಪಿ ತೆಗೆದು ತಲೆ ಕೆರೆದುಕೊಂಡ.

"ಬೆಳಿಗ್ಗೆ ನಮ್ಮ ಹಸು ಕೆಂದಿ ಅದನ್ನ ತಿಂದ್ಹಾಕಿದ್ಲು."

"ಗೇಟಿನ ಒಳಗಡೆ ಕಟ್ಟಿದ್ಯೇನೋ ದಡ್ಡ?"

"ಹೊರಗಡೇನೇ ಕಟ್ಟಿದ್ದೆ. ಅವಳ ನಾಲಿಗೆ ನಿನ್ನದಕ್ಕಿಂತ ಉದ್ದ!"

"ಇನ್ನೊಂದು ಪ್ರತಿ?"

"ಗಾಡೀಲಿದೆ. ಅವ್ರು ಎಲ್ಲಿದಾರೀಗ?"

"ದಾರಿ ಕೇಳೋಕೆ ಬ್ರೀಜ್ ಅತ್ತೆ ಬಾಗಿಲು ತಟ್ಟಿದಾರೆ. ಫೋನು ಮಾಡಿದ್ದೇ ಅತ್ತೆ."

"ಟೀಗೆ ಕೂರಿಸಿದಾರಾ?"

"ಕೂರಿಸಿದಾರೆ. ಬ್ರೆಡ್ಡು ಈಗ ಒಲೆಗೆ ಇಟ್ಟಿದಾರಂತೆ. ಬೇಯೋವರೆಗೂ ಏಳೋಕೆ ಬಿಡಲ್ಲ ಅಂದ್ರು."

"ಹಾಗಾದ್ರೆ ಗೆದ್ವಿ, ನಡಿಯಕ್ಕ!"

ಬ್ರೀಜ್ ಮದುವೆಯಾಗಿ ಈ ಕಡೆ ಬಂದಾಗಿನಿಂದ ಅವಳ ಮನೆಯಿಂದ ಒಂದೇ ಕಪ್ಪಿಗೆ ಎದ್ದು ಬಂದವರನ್ನು ನಾನು ಕಂಡಿಲ್ಲ. ಅಕ್ಕ ತಮ್ಮ ಓಡಿದರು. ಬಾಗಿಲಲ್ಲಿ ಡಿಂಪ್ನಾ ತಿರುಗಿ ನನಗೆ ಕೂಗಿದಳು.

"ತಾತ, ನಮ್ ಟೀ ನೀವೇ ಕುಡೀರಿ!"

ಅಂಗಳದಿಂದ ಫಿಂಟನ್ ದನಿ ಕೇಳಿಸಿತು.

"ಒಂದು ಹೊರೆ ಹುಲ್ಲೂ ತಗೊಳ್ಳಕ್ಕ. ಆಫೀಸರ್ರು ಓದಿ ಮುಗಿಸೋವರೆಗೂ ಕೆಂದಿ ಬಾಯಿ ತುಂಬಿರ್ಲಿ!"