ಮಗಳ ಪುಸ್ತಕದಲ್ಲಿ ಇಲ್ಲದ ಅಂಗಿಗಳು

ಇಂದಿನ ಸಭೆಯ ಅಧ್ಯಕ್ಷೆ ಸೋದರಿ ಜಾಸಿಲಿನ್ ಅವರೇ, ಉದ್ದನೆಯ ಪ್ರಾರ್ಥನೆ ಹೇಳಿ ನಮ್ಮ ಹಸಿವನ್ನು ಚೆನ್ನಾಗಿ ಪರೀಕ್ಷಿಸಿದ ಪಾದ್ರಿಗಳೇ, ನೇರಳೆ ಬಣ್ಣದ ಕೋಟು ತೊಟ್ಟು ಸಭೆ ತುಂಬಿರುವ ನನ್ನ ಸಂಘದ ಸೋದರಿಯರೇ, ಮೂರನೆಯ ಸಾಲಿನಲ್ಲಿ ಕುಳಿತು, ಅಮ್ಮ ಏನು ಹೇಳಿಬಿಡುತ್ತಾಳೋ ಎಂದು ಉಗುರು ಕಚ್ಚುತ್ತಿರುವ ಲೇಖಕಿಯೇ, ಮತ್ತು ಸಭಿಕರೇ,

ಪಕ್ಕದ ಕೋಣೆಯಿಂದ ಹುರಿದ ಕೋಳಿಯ ಘಮ ಬರುತ್ತಿದೆ. ಆದ್ದರಿಂದ ಚಿಕ್ಕದಾಗಿ ಮಾತನಾಡುತ್ತೇನೆ. ನಗಬೇಡಿ. ಈ ವರ್ನೆಟ್ಟಾ ಗ್ಯಾಡ್ಸನ್ ಚಿಕ್ಕದಾಗಿ ಮಾತನಾಡಿದ್ದನ್ನು ಮೇಕನ್ ಊರಿನಲ್ಲಿ ಯಾರೂ ಕಂಡಿಲ್ಲ ಎಂಬುದು ನನಗೂ ಗೊತ್ತು.

ನಮ್ಮ ಸಂಘದಲ್ಲಿ ಕಪ್ಪು ಹೆಣ್ಣುಮಕ್ಕಳು ಬರೆದ ಪುಸ್ತಕಗಳನ್ನು ಒಬ್ಬರಿಗೊಬ್ಬರು ಶಿಫಾರಸು ಮಾಡುವ ಈ ಪದ್ಧತಿ ಎಲ್ಲಿ ಹುಟ್ಟಿತು? ನಮ್ಮ ಮನೆಯ ಜಗಲಿಯಲ್ಲಿ ಹುಟ್ಟಿತು. ಯಾಕೆ ನಮ್ಮ ಮನೆಯ ಜಗಲಿ? ಒಳ್ಳೆಯ ಗಾಳಿ ಬರುತ್ತದೆ ಎಂದು. ಇದನ್ನು ನಾನು ಪ್ರತಿವರ್ಷವೂ ಹೆಮ್ಮೆಯಿಂದ ಹೇಳುತ್ತ ಬಂದಿದ್ದೇನೆ. ಆಗ ಊರಿನ ಗ್ರಂಥಾಲಯದ ಕಾದಂಬರಿಗಳಲ್ಲಿ ನಮ್ಮಂಥ ಹೆಂಗಸರು ಕಂಡರೆ ಬೇರೆಯವರ ಅಡುಗೆಮನೆಯಲ್ಲೇ ಕಾಣುತ್ತಿದ್ದರು. ನಮ್ಮವರೇ ಬರೆದದ್ದನ್ನು ನಾವೇ ಹುಡುಕಿ ತಂದು, "ಇದನ್ನ ಓದು, ಓದದೆ ನನ್ನ ಮುಖ ನೋಡ್ಬೇಡ" ಎಂದು ಕೈಗೆ ತುರುಕುತ್ತಿದ್ದೆವು.

ಆಮೇಲೆ ನಾನೊಂದು ನಿಯಮ ಮಾಡಿದೆ. ಸ್ವಂತ ರಕ್ತಸಂಬಂಧಿಗಳ ಪುಸ್ತಕವನ್ನು ಯಾರೂ ಶಿಫಾರಸು ಮಾಡುವಂತಿಲ್ಲ. ಯಾಕೆಂದರೆ ನಮ್ಮ ಹೆಟ್ಟಿ ಮೇ, ದೇವರು ಅವಳ ಆತ್ಮಕ್ಕೆ ಶಾಂತಿ ಕೊಡಲಿ, ವರ್ಷ ವರ್ಷವೂ ತನ್ನ ಚಿಕ್ಕಮ್ಮನ ಮಗಳ ಕವಿತೆಗಳನ್ನೇ ತರುತ್ತಿದ್ದಳು. ಆ ಕವಿತೆಗಳನ್ನು ಕೇಳಿದವರಿಗೆ ನಿಯಮದ ಅಗತ್ಯ ವಿವರಿಸಬೇಕಾಗಿಲ್ಲ.

ಹೀಗಿರುವಾಗ ನನ್ನ ಮಗಳು ಡಿಯಾಂಡ್ರಾ ಕಾದಂಬರಿ ಬರೆದಳು. ಅಪ್ಪ ತೀರಿಕೊಂಡ ಮರುವರ್ಷ ಅಚ್ಚಾಯಿತು. ತಾಯಿ ಹಿಗ್ಗಬೇಕಲ್ಲವೇ? ನಾನು ಹೆದರಿಬಿಟ್ಟೆ. "ಚಿಕ್ಕ ಊರಲ್ಲಿ ತಾಯಿ ಮಗಳು ಇಬ್ಬರೇ ಇರೋ ಕಥೆ ಅಮ್ಮಾ" ಅಂದಳು. ಇಬ್ಬರೇ! ನಮ್ಮ ಮನೆಯಲ್ಲಿ ನಾವಿಬ್ಬರೇ ಇದ್ದದ್ದು ಒಂದೇ ಒಂದು ಬೇಸಿಗೆ. ಆ ಬೇಸಿಗೆಯ ವಿಷಯ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನನ್ನ ನಿಯಮವೇ ನನ್ನನ್ನು ಕಾಪಾಡುತ್ತದೆ ಎಂದುಕೊಂಡೆ. ನಾನಂತೂ ಶಿಫಾರಸು ಮಾಡುವಂತಿಲ್ಲ, ಬೇರೆ ಯಾರು ಮಾಡುತ್ತಾರೆ? ಮಾಡಿದವಳು ಯಾರು ಗೊತ್ತೇ? ಲವಿನಿಯಾ ಟೂಕ್ಸ್. ನನ್ನ ಜೊತೆಗೇ ಸಂಘಕ್ಕೆ ಸೇರಿದವಳು, ನಮ್ಮ ಹಿಂದಿನ ಬೀದಿಯವಳು. ಪುಸ್ತಕ ಆರಿಸುವ ಸಮಿತಿಯಲ್ಲಿ ಎದ್ದು ನಿಂತು, "ಈ ವರ್ಷ ಡಿಯಾಂಡ್ರಾ ಪುಸ್ತಕ. ನಂಗೇನು ರಕ್ತಸಂಬಂಧ ಇಲ್ಲ, ಅಲ್ವೇನೇ ವರ್ನೆಟ್ಟಾ?" ಎಂದಳು. ನಾನು ಎದ್ದು ವಿರೋಧಿಸಿದೆ. ಅಕ್ಷರ ಸಣ್ಣದು ಅಂದೆ. ರಟ್ಟು ಚೆನ್ನಾಗಿಲ್ಲ ಅಂದೆ. "ಓದಿದ್ಯಾ?" ಎಂದು ಕೇಳಿದಳು. ಓದಿರಲಿಲ್ಲ. ಧೈರ್ಯವಿರಲಿಲ್ಲ, ಸೋದರಿಯರೇ.

ಕೊನೆಗೆ ಓದಲೇಬೇಕಾಯಿತು. ಕಂದು ಕಾಗದದ ಹೊದಿಕೆ ಹಾಕಿ, ಕೂದಲು ಸಿಂಗರಿಸುವ ಅಂಗಡಿಗೆ ಒಯ್ದು, ತಲೆ ಒಣಗಿಸುವ ಯಂತ್ರದ ಕೆಳಗೆ ಕುಳಿತು ಓದಿದೆ. ಅಲ್ಲಿ ಕಣ್ಣಲ್ಲಿ ನೀರು ಬಂದರೆ ಬಿಸಿಗೆ ಬಂತು ಎನ್ನಬಹುದು. ಒಂದೊಂದು ಪುಟ ತಿರುವುವಾಗಲೂ ಆ ಬೇಸಿಗೆಯೇ ಕಾದು ಕುಳಿತಿದೆ ಎನಿಸುತ್ತಿತ್ತು. ಈಗ ಬಂತು, ಇಗೋ ಈಗ ಬಂತು. ಕೂದಲು ಒಣಗಿ ಎಷ್ಟೋ ಹೊತ್ತಾಗಿತ್ತು. ಅಂಗಡಿಯ ಹುಡುಗಿ "ಆಂಟೀ, ಸುಟ್ಟೋಗತ್ತೆ, ಏಳಿ" ಎಂದರೂ ಏಳಲಿಲ್ಲ.

ಬರಲೇ ಇಲ್ಲ, ಸೋದರಿಯರೇ! ಪುಸ್ತಕ ಮುಗಿಯಿತು, ಬರಲೇ ಇಲ್ಲ! ಆ ತಾಯಿ ನದಿ ದಡದಲ್ಲಿ ಹೊಲಿಗೆ ಅಂಗಡಿ ಇಟ್ಟವಳು, ಎತ್ತರದವಳು, ಯಾರಿಗೂ ಹೆದರದವಳು. ನನ್ನಿಂದ ತೆಗೆದುಕೊಂಡದ್ದು ಒಂದೇ, ಚರ್ಚಿನಲ್ಲಿ ಶ್ರುತಿ ತಪ್ಪಿ ಹಾಡುತ್ತಾಳೆ ಎಂಬುದು. ಅದು ಶುದ್ಧ ಸುಳ್ಳು, ಇರಲಿ. ನನಗೆಷ್ಟು ನಿರಾಳವಾಯಿತು ಎಂದರೆ ಅಂಗಡಿಯಲ್ಲೇ ಗಟ್ಟಿಯಾಗಿ ನಕ್ಕುಬಿಟ್ಟೆ. ಇಡೀ ಪುಸ್ತಕದಲ್ಲಿ ಒಣಹಾಕಿದ ಒಂದೇ ಒಂದು ಅಂಗಿ ಇಲ್ಲ! ಹಗ್ಗ ಇಲ್ಲ, ಕ್ಲಿಪ್ಪು ಇಲ್ಲ. ಆ ಬೇಸಿಗೆ ನಮ್ಮವರು ಜಾಕ್ಸನ್‌ವಿಲ್‌ನಲ್ಲಿ ಇನ್ನೊಬ್ಬಳ ಮನೆಯಲ್ಲಿದ್ದಾಗ, ಗಂಡ ಮನೆಯಲ್ಲೇ ಇದ್ದಾರೆ ಎಂದು ನೆರೆಹೊರೆಗೆ ತೋರಿಸಲು ನಾನು ಅವರ ಒಗೆದ ಅಂಗಿಗಳನ್ನೇ ಮತ್ತೆ ಮತ್ತೆ ಒಗೆದು ಹಿತ್ತಲಲ್ಲಿ ಒಣಹಾಕುತ್ತಿದ್ದದ್ದು, ಪುಟ್ಟ ಡಿಯಾಂಡ್ರಾ ಒಂದೊಂದೇ ಕ್ಲಿಪ್ಪು ಎತ್ತಿಕೊಡುತ್ತ, "ಅಮ್ಮಾ, ಇದು ಕೊಳೆ ಆಗೇ ಇಲ್ವಲ್ಲ" ಎಂದದ್ದು, ಯಾವುದೂ ಇಲ್ಲ...

ಅಯ್ಯೋ. ಹೇಳಿಯೇಬಿಟ್ಟೆನಲ್ಲ.

ಸ್ವಲ್ಪ ನೀರು ಕೊಡಿ.

ಸರಿ, ಆದದ್ದಾಯಿತು. ಅವರು ಮರಳಿ ಬಂದರು. ಚಳಿ ಶುರುವಾಗುವ ಹೊತ್ತಿಗೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತರು. ನಾನು ಒಳಗೆ ಬಿಟ್ಟೆ. ಮಾರನೆಯ ದಿನ ಬೀರು ತೆಗೆದು, "ವರ್ನೆಟ್ಟಾ, ನನ್ನ ಅಂಗಿಗಳಿಗೆ ಏನಾಯ್ತೇ? ಎಲ್ಲಾ ಬಣ್ಣ ಬಿಟ್ಕೊಂಡಿದೆ" ಎಂದರು. "ಈ ಸಲ ಬಿಸಿಲು ಜಾಸ್ತಿ" ಅಂದೆ. ಆಮೇಲೆ ಸಾಯುವವರೆಗೂ ಒಳ್ಳೆಯ ಗಂಡನಾಗಿ ಬಾಳಿದರು. ನನ್ನ ಕ್ಲಿಯೋಫಸ್ ಬಗ್ಗೆ ಯಾರೂ ಕೆಟ್ಟದ್ದು ಎಣಿಸಬೇಡಿ.

ಆದರೆ ಒಂದು ನಿಮಿಷ. ಈಗ ನಾನು ಇಷ್ಟು ದೊಡ್ಡ ಗುಟ್ಟು ಹೇಳಿದೆ. ಹಿಂದಿನ ಸಾಲಿನ ಹುಡುಗಿಯರು ಬಾಯಿ ತೆರೆದು ಕುಳಿತಿದ್ದಾರೆ. ಮುಂದಿನ ಸಾಲಿನ ಹಳಬರು ಯಾಕೆ ಒಬ್ಬರೂ ಬೆಚ್ಚಲಿಲ್ಲ? ಲವಿನಿಯಾ, ಯಾಕೆ ಕರವಸ್ತ್ರ ಹಿಡಿದು ನೆಲ ನೋಡುತ್ತಿದ್ದೀಯ?

ಲವಿನಿಯಾಳ ಅಡುಗೆಮನೆಯ ಕಿಟಕಿ ತೆರೆಯುವುದು ನಮ್ಮ ಹಿತ್ತಲಿಗೆ. ವಾರವೆಲ್ಲ ಅವೇ ಅಂಗಿಗಳು. ಕೊರಳಪಟ್ಟಿಯಲ್ಲಿ ಬೆವರಿನ ಕಲೆ ಇಲ್ಲದ ಅಂಗಿಗಳು. ಅದನ್ನು ಕಾಣದಷ್ಟು ಕುರುಡಿಯೇ ಇವಳು?

ಆ ಬೇಸಿಗೆಯಲ್ಲೇ ಅಲ್ಲವೇ ಇವಳು ಬಂದು, "ನಿಮ್ಮ ಜಗಲೀಲಿ ಗಾಳಿ ಚೆನ್ನಾಗಿ ಬರತ್ತೆ ಕಣೇ, ವಾರ ವಾರ ಇಲ್ಲೇ ಕೂತು ಏನಾದ್ರೂ ಓದೋಣ" ಎಂದದ್ದು? ನಮ್ಮ ಜಗಲಿ ಪಶ್ಚಿಮಕ್ಕೆ ಇದೆ, ಮಹನೀಯರೇ! ಸಂಜೆ ಬಿಸಿಲು ನೇರ ಮುಖಕ್ಕೆ ಹೊಡೆಯುತ್ತದೆ. ಗಾಳಿ ಎಲ್ಲಿಂದ ಬರಬೇಕು? ಇಷ್ಟು ವರ್ಷ ಅಲ್ಲೇ ಬೆವರಿಕೊಂಡು ಕುಳಿತರೂ ನನಗೆ ಇದು ಹೊಳೆಯಲಿಲ್ಲವಲ್ಲ! ಬರುವವರೆಲ್ಲ ಕೈಯಲ್ಲಿ ಒಂದು ಪುಸ್ತಕ, ಇನ್ನೊಂದು ಕೈಯಲ್ಲಿ ಮುಚ್ಚಿದ ಪಾತ್ರೆ. ಬೆಣ್ಣೆ ಹಾಕಿದ ಅವರೆ, ಸೊಪ್ಪು, ಪೀಚ್ ಹಣ್ಣಿನ ಸಿಹಿ. "ಜಾಸ್ತಿ ಆಗ್ಬಿಡ್ತು, ಕ್ಲಿಯೋಫಸ್‌ಗೂ ಎತ್ತಿಡು" ಎನ್ನುತ್ತಿದ್ದರು. ಎಷ್ಟು ಮುಗ್ಧವಾಗಿ ಎನ್ನುತ್ತಿದ್ದರು! ಗಂಡನ ಪಾಲನ್ನು ಮರುದಿನ ನಾನೂ ಮಗಳೂ ತಿನ್ನುತ್ತಿದ್ದೆವು. ಕ್ಲಿಯೋಫಸ್ ಮರಳಿದ ಮೇಲೆ, "ವಾರ ವಾರ ಓದೋಕೆ ಟೈಮ್ ಸಾಲಲ್ಲ, ತಿಂಗಳಿಗೊಮ್ಮೆ ಸಾಕು" ಎಂದವಳೂ ಈ ಲವಿನಿಯಾಳೇ.

ಅಂದರೆ ಎಲ್ಲರಿಗೂ ಗೊತ್ತಿತ್ತು. ಮತ್ತು ಒಬ್ಬಳೂ, ಒಮ್ಮೆಯೂ, ಆಡಿ ತೋರಿಸಲಿಲ್ಲ. ಬಾಯಿಗೆ ಬೀಗವಿಲ್ಲದ ಹೆಟ್ಟಿ ಮೇ ಕೂಡ! ಕೆಟ್ಟ ಕವಿತೆ ಹಿಡಿದುಕೊಂಡು ಆ ಬಿಸಿಲಲ್ಲಿ ನಮ್ಮ ಮೆಟ್ಟಿಲು ಹತ್ತುತ್ತಿದ್ದಳು. ಹೆಟ್ಟಿ, ನಿನ್ನ ಚಿಕ್ಕಮ್ಮನ ಮಗಳ ಕವಿತೆಗಳನ್ನು ಇನ್ನೊಮ್ಮೆ ಕೇಳುವ ಆಸೆಯಾಗುತ್ತಿದೆ ಕಣೇ.

ನನಗೆ ನಾಚಿಕೆಯಾಗಬೇಕಿತ್ತು. ಆಗುತ್ತಿಲ್ಲ. ತುಂಬ ಹಗುರವಾಗಿದೆ. ಇಷ್ಟು ವರ್ಷ ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡಿದ್ದೆ, ನೀವೆಲ್ಲ ಆಚೆ ತುದಿ ಹಿಡಿದೇ ಇದ್ದಿರಿ.

ಕೊನೆಯ ಮಾತು. ಪುಸ್ತಕ ಮುಗಿಸಿದ ದಿನ ಮಗಳಿಗೆ ಫೋನ್ ಮಾಡಿ, "ಅಂಗಿ ವಿಷಯ ಯಾಕೆ ಬರೀಲಿಲ್ಲ?" ಎಂದು ಕೇಳಿದೆ. "ಅದು ನಿಂದು ಅಮ್ಮಾ, ನಂದಲ್ಲ" ಅಂದಳು. ಇಂಥ ಮಗಳ ಪುಸ್ತಕವನ್ನು ಹೆತ್ತವಳು ಶಿಫಾರಸು ಮಾಡಬಾರದು ಎಂಬ ನಿಯಮ ಮಾಡಿದ ಮುದುಕಿ ಯಾರು? ಆ ನಿಯಮವನ್ನು ಈ ಕ್ಷಣವೇ ರದ್ದು ಮಾಡಿದ್ದೇನೆ. ಎಲ್ಲರೂ ಓದಿ. ಓದದೆ ನನ್ನ ಮುಖ ನೋಡಬೇಡಿ.

ಅಧ್ಯಕ್ಷರಿಗೆ, ಹಸಿದು ಕಾದಿರುವ ನಿಮಗೆ, ಮತ್ತು ಗಾಳಿಯೇ ಇಲ್ಲದ ಜಗಲಿಯಲ್ಲಿ ಗಾಳಿ ಬರುತ್ತದೆ ಎಂದ ಲವಿನಿಯಾಳಿಗೆ ನನ್ನ ತುಂಬುಹೃದಯದ ಧನ್ಯವಾದಗಳು. ಡಿಯಾಂಡ್ರಾ, ಅದು ನನ್ನದು ಎಂದೆಯಲ್ಲ, ನನ್ನದನ್ನು ಇವತ್ತು ನಿನಗೆ ಕೊಟ್ಟಿದ್ದೇನೆ. ಅಂಗಿಗಳನ್ನು ಬರೆ, ಮಗಳೇ. ಕ್ಲಿಪ್ಪು ಎತ್ತಿಕೊಟ್ಟವಳು ನೀನು. ನಮಸ್ಕಾರ.