ಪೋಸ್ಟಿನಾಗೆ ಬರೋ ಲೈಸೆನ್ಸು

ಬರ್ತೈತೆ ಅಂದ್ನಲ್ಲವ್ವ! ಪೈಲಟ್ ಲೈಸೆನ್ಸು ಅಂದ್ರೆ ರೇಷನ್ ಕಾರ್ಡಾ, ತಳಕಿನ ಆಫೀಸಿಗೆ ಹೋಗಿ ಇಸ್ಕೊಂಡ್ ಬರಾಕೆ? ಡೆಲ್ಲಿಯಿಂದ ಬರ್ಬೇಕು. ಪೋಸ್ಟಿನಾಗೆ. ನಾಲ್ಕು ತಿಂಗಳೇನು ಮಹಾ... ನೀ ಸುಮ್ನೆ ಶೇಂಗಾ ಸುಲಿ.

ಯಾಕೆ ನಗ್ತೀಯಾ? ಪಕ್ಕದ್ಮನೆ ಜುಂಜಣ್ಣ ಏನಾರ ಅಂದ್ನಾ? ಅಂದಿರ್ತಾನೆ ಬಿಡು! 'ದುರುಗಕ್ಕ, ವಿಮಾನ ಹಾರ್ಸಾಕೆ ಹೋದ ನಿನ್ ಮಗ ಪಾಲಾಕ್ಷ ಚಳ್ಳಕೆರೆಯಿಂದ ಟೆಂಪೋದಾಗೆ ನೇತಾಡ್ಕೊಂಡ್ ಬಂದ, ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ' ಅಂತ. ಅವನು ಮಹಾ ಜ್ಞಾನಿ! ಸೈಕಲ್ ಹತ್ತಿದ್ರೆ ಇಳಿಯಾಕೆ ಗೋಡೆ ಬೇಕು ಅವನಿಗೆ.

ದುಡ್ಡಾ? ಎಷ್ಟ್ ಸಲ ಹೇಳ್ಲಿ! ವಿಮಾನ ಕಲಿಸೋ ಸ್ಕೂಲಿನಾಗೆ ಸಾವ್ಕಾರ್ ಮಕ್ಳು ದುಡ್ಡು ಸುರಿದು ಹಾರಿದ್ರು, ನಾನು ರೆಕ್ಕೆ ಒರೆಸಿ ಹಾರ್ದೆ. ದಿನಾ ಬೆಳಿಗ್ಗೆ ವಿಮಾನ ತೊಳಿ, ಶೆಡ್ಡು ಗುಡಿಸು, ಪೆಟ್ರೋಲ್ ಡಬ್ಬ ಹೊರು... ವಾರಕ್ಕೊಂದು ಗಂಟೆ ಆಕಾಶ ಪುಗಸಟ್ಟೆ! ಇಷ್ಟು ಸೋವಿಯಾಗೆ ಹಾರಿದೋನು ಈ ಸೀಮೆನಾಗೆ ಇನ್ನೊಬ್ಬನ್ನ ತೋರ್ಸು ನೋಡಾನ. ಕೊನೆಗೆ ಒಬ್ನೇ ಹಾರ್ದೆ ಅಂತ ಎಸ್‌ಟಿಡಿ ಬೂತಿನಿಂದ ಹೇಳಿದ್ನಲ್ಲ? ಒಬ್ನೇ ಅವ್ವಾ! ಪಕ್ಕದ ಸೀಟು ಖಾಲಿ. ಕೆಳಗೆ ಕುರಿಗಳು ಮಂಡಕ್ಕಿ ಚೆಲ್ಲಿದಂಗೆ... ಖುಷಿಗೆ ಅಳೂನೇ ಬಂತು ನಂಗೆ.

ರೂಲ್ಸಾ? ರೂಲ್ಸಿಗೇನು ಬರ! ಕಲಿಸೋ ಸಾಹೇಬಂದು ಒಂದೇ ಮಂತ್ರ. ಮ್ಯಾಲೆದ್ದ ಮ್ಯಾಲೆ ಎಡಕ್ಕೇ ತಿರುಗ್ಬೇಕು, ಎಡಕ್ಕೇ ಸುತ್ತಾಕ್ಕೊಂಡು ಬಂದು ಇಳೀಬೇಕು. ಎಲ್ರೂ ಹಂಗೇ. ಬಲಕ್ಕೆ ತಿರುಗ್ದೋನು ಎದುರಿಗೆ ಬರೋ ವಿಮಾನಕ್ಕೆ ಹೋಗಿ...

ಯಾಕವ್ವ, ಕೈ ನಿಲ್ಲಿಸ್ದೆ?

ಏನಿಲ್ಲ, ಮಾತಿಗೆ ಅಂದೆ... ನಾನು ಎಡಕ್ಕೇ ತಿರುಗಿದ್ದು. ಎಡಕ್ಕೇ! ಹಂಗ್ ನೋಡ್ಬ್ಯಾಡ.

ಹೌದು. ಬಸ್ ಹತ್ತಿಸ್ವಾಗ ಅಂದಿದ್ದೆ ನೀನು. 'ಒಬ್ನೇ ಏರಿದ ದಿನ ದೇವ್ರಿಗೆ ಬಲಕ್ಕೊಂದು ಪ್ರದಕ್ಷಿಣೆ ಹಾಕು ಮಗ, ಎಡಸುತ್ತು ಹೆಣಕ್ಕೆ' ಅಂತ. ಫೋನಿನಾಗೂ 'ಹಾಕ್ದೇನಪ್ಪ' ಅಂತ ಕೇಳ್ದೆ. 'ಹೂಂ' ಅಂದೆ ನಾನು. ಊರಿಗೆಲ್ಲ ಸಕ್ಕರೆ ಹಂಚ್ದೆ ನೀನು...

ಹಾಕಿದ್ದು ನಿಜಾನೇ ಅವ್ವ. ಬಲಕ್ಕೇ, ಒಂದೇ ಒಂದು ಸುತ್ತು. ಎದುರಿಗೆ ಇನ್ನೊಂದು ವಿಮಾನ... ಏನೂ ಆಗ್ಲಿಲ್ಲ! ಅವ್ನು ಮ್ಯಾಲೆ ಎತ್ತಿದ, ನಾನು ಕೆಳಗಿಳಿಸ್ದೆ. ಕೂದಲೆಳೆ ಅಷ್ಟೇ...

ಲೈಸೆನ್ಸ್ ಬರಲ್ಲ. ಅವತ್ತು ಸಾಯಂಕಾಲಾನೇ ಹೊರಗೆ ಹಾಕಿದ್ರು.

ಅಳಬ್ಯಾಡ... ಬೈಯಿ ಬೇಕಾದ್ರೆ, ಏನಾರ ಅನ್ನು! ನಿನ್ ತಪ್ಪಲ್ಲವ್ವ. 'ಬಲಕ್ಕೆ ತಿರುಗು ಅಂತ ಯಾರು ಹೇಳಿದ್ರೋ?' ಅಂತ ಸಾಹೇಬ ಮೇಜು ಕುಟ್ಟಿ ಕೇಳ್ದ. 'ನಿಜ ಹೇಳು, ಇನ್ನೊಂದ್ ಅವಕಾಶ ಕೊಟ್ಟು ನೋಡಾನ' ಅಂತಾನೂ ಅಂದ. ಸುತ್ತ ಆ ಸಾವ್ಕಾರ್ ಮಕ್ಳೆಲ್ಲ ನಿಂತಿದ್ರು. ನಾನು ಬಾಯಿ ಬಿಡ್ಲಿಲ್ಲ.

ಬಿಟ್ಟಿದ್ರೆ ನಗ್ತಿದ್ರವ್ವ... ನಿನ್ನ ಮಾತಿಗೆ.