ಬಾಂದಾರದ ಮೇಲೊಂದು ಗೆರೆ

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ ಯಡೂರಿನ ಬಸ್ಸಿಗೆ ಕಾಯುತ್ತಿದ್ದ ಸಾರಿಕಾ ಬೇಕೆಂದೇ ಕಿವಿಗೊಟ್ಟವಳಲ್ಲ. ಪಕ್ಕದ ಬೆಂಚಿನ ಹೆಂಗಸಿನ ದನಿ ಏರುತ್ತಿತ್ತು. ಅತ್ತಿಗೆಯ ಜೊತೆಗಿದ್ದ ಮೈದುನ, ಸಮಾಧಾನ ಎಂಬವನು, ಮೊಬೈಲಿನಿಂದ ತಲೆ ಎತ್ತುತ್ತಿರಲಿಲ್ಲ.

“ಸಮಾಧಾನ, ಸುರಜ ಫೋನ್ ಎತ್ತವಲ್ಲ.”

“ಬೈಕ್ ಮ್ಯಾಲೆ ಇರ್ತಾನ್ರಿ ವಹಿನಿ.”

“ನನ್ನ ತಮ್ಮ ಸೊಲ್ಲಾಪುರ ಬಿಟ್ಟು ಈ ಕಡೆ ಎಂದೂ ಬಂದಾಂವಲ್ಲ. ಯಾವ ದಾರೀಲೆ ಬರಾಕತ್ತಾನ?”

“ಮ್ಯಾಪ್ ತೋರ್ಸಿದಂಗ. ಹೊಳಿಗೆ ಅಡ್ಡ ಕಟ್ಟಿದ ಬಾಂದಾರದ ಮ್ಯಾಲಿಂದ.”

“ಬಾಂದಾರ ಮೊನ್ನೇನ ಮುಳಗೇತಲ್ಲೋ! ಅಲ್ಲಿ ಬೈಕಿನ ದಾರಿ ಯಾರು ಹಾಕ್ಯಾರ?”

“ನಾನ ಹಾಕೇನ್ರಿ, ಬ್ಯಾಸಗ್ಯಾಗ. ಆ ಮ್ಯಾಪ್ ಯಾರು ಬೇಕಾದ್ರೂ ತಿದ್ದಬಹುದು. ದೊಡ್ಡ ಬ್ರಿಜ್ ಸುತ್ತು ಹಾಕೂದು ತಪ್ಪಲಿ ಅಂತ ಮಾಡಿದ್ದೆ.”

“ಮಳಿಗಾಲದಾಗ ಮುಳಗತೈತಿ ಅಂತ ಬರೀಲಿಲ್ಲೇನು?”

“ಅದು ಯಾರಿಗೆ ಗೊತ್ತಿಲ್ಲ ಅನ್ಕೊಂಡೆ.”

“ಸುರಜಗ ಗೊತ್ತಿಲ್ಲೋ.”

“ಈಗ ಅಳಿಸೇನ್ರಿ.”

“ಅವನ ಫೋನಿನ್ಯಾಗೂ ಅಳಿಸೇತೇನು?”

“ಇಲ್ರಿ. ನೆಟ್ ಸಿಗಲಿಕ್ಕಿಲ್ಲ ಅಂತ ಮನ್ಯಾಗ ಡೌನ್‌ಲೋಡ್ ಮಾಡ್ಕೊಂಡು ಹೊಂಟಾನ. ಅದು ಹಳೇದು.”

ಹೆಂಗಸು ಚೀಲ ಎತ್ತಿಕೊಂಡು ನಿಂತಳು.

“ದಾರ್ಯಾಗ ಯಾರನ್ನರ ಕೇಳಿದ್ರ, ಆ ಕಡೆ ಹೋಗಬ್ಯಾಡ ಅಂತಾರ. ಕೇಳ್ತಾನಲ್ಲ?”

ಮೈದುನ ಮೊದಲ ಸಲ ಅವಳ ಮುಖ ನೋಡಿದ.

“ಯಾರನ್ನೂ ಕೇಳಬ್ಯಾಡ, ಇದನ್ನ ನಂಬಿ ಬಾ ಅಂತ ನಾನ ಹೇಳೇನ್ರಿ.”

ಯಡೂರಿನ ಬಸ್ಸಿಗೂ ಕಾಯದೆ ಇಬ್ಬರೂ ಹೊಳೆಯ ಕಡೆ ಹೋಗುವ ಟಂಟಂ ರಿಕ್ಷಾ ಹಿಡಿಯಲು ಓಡಿದರು. ಓಡುತ್ತಲೇ ಅವನು ಫೋನನ್ನು ಮತ್ತೆ ಕಿವಿಗೆ ಹಿಡಿದಿದ್ದ.